ಮೇಕ್‌ಫೈಲಿನ ಷರತ್ತು ಯಾವಾಗ ತೀರ್ಮಾನವಾಗುತ್ತದೆ?

ಮೂಲ ಕಡತಗಳಿಂದ ಪ್ರೋಗ್ರಾಮನ್ನು ಕಟ್ಟಿಕೊಡುವ ಸಾಧನವಾದ ಗ್ನೂ ಮೇಕ್ ತನ್ನ ಕೆಲಸವನ್ನು ಎರಡು ಹಂತಗಳಲ್ಲಿ ಮಾಡುತ್ತದೆ. ಮೊದಲು ತನಗೆ ಬರೆದಿಟ್ಟ ಸೂಚನೆಗಳ ಕಡತವಾದ ಮೇಕ್‌ಫೈಲನ್ನು ಪೂರ್ತಿಯಾಗಿ ಓದಿ ವೇರಿಯಬಲ್‌ಗಳು, ನಿಯಮಗಳು ಮತ್ತು ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ಗುರುತಿಸಿಕೊಳ್ಳುತ್ತದೆ. ಆಮೇಲೆ ಹಳೆಯದಾಗಿರುವ ಟಾರ್ಗೆಟ್‌ಗಳನ್ನು (ಕಟ್ಟಬೇಕಾದ ಕಡತಗಳನ್ನು) ಹುಡುಕಿ ಅವುಗಳ ಕಮಾಂಡ್‌ಗಳನ್ನು ನಡೆಸುತ್ತದೆ. ವೇರಿಯಬಲ್ಲಿಗೆ ಬೆಲೆ ಇದೆಯೇ ಎಂದು ನೋಡುವ ಇಫ್‌ಡೆಫ್ (ifdef), ಎರಡು ಬೆಲೆಗಳು ಒಂದೇ ಆಗಿವೆಯೇ ಎಂದು ನೋಡುವ ಇಫ್‌ಈಕ್ಯೂ (ifeq) ಮುಂತಾದ ಷರತ್ತುಗಳು ಓದುವ ಹಂತದಲ್ಲೇ ತೀರ್ಮಾನವಾಗಿಬಿಡುವುದರಿಂದ, ಎರಡನೆಯ ಹಂತದಲ್ಲಷ್ಟೇ ಬೆಲೆ ಪಡೆಯುವ ವೇರಿಯಬಲ್‌ಗಳು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಒಂದು ಟಾರ್ಗೆಟ್‌ಗೆ ಮಾತ್ರ ಅನ್ವಯಿಸುವಂತೆ ಬರೆದ ವೇರಿಯಬಲ್ಲನ್ನು ಇಫ್‌ಈಕ್ಯೂನಲ್ಲಿ ಪರೀಕ್ಷಿಸಿದರೆ ಉಪಯೋಗವಾಗದಿರುವುದು ಈ ಕಾರಣಕ್ಕೆ. ಅಂಥಲ್ಲಿ ಕಮಾಂಡಿನ ಸಾಲಿನೊಳಗೇ ಮೇಕ್‌ನ ಇಫ್ ಫಂಕ್ಷನ್ನನ್ನು ಬಳಸಬೇಕು, ಇಲ್ಲವೇ ಕಮಾಂಡ್‌ಗಳನ್ನು ನಡೆಸುವ ಶೆಲ್‌ನ ಇಫ್ ಬರೆಯಬೇಕು. ಪ್ರತಿ ಸಾಲೂ ಬೇರೆ ಶೆಲ್‌ನಲ್ಲಿ ನಡೆಯುವುದರಿಂದ ಶೆಲ್‌ನ ಇಫ್‌ನ ಸಾಲುಗಳನ್ನು ಒಂದಾಗಿ ಬೆಸೆಯಲು ಸಾಲಿನ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್‌ಗಳ ಸಾಲೇ ಬೇಕಾಗುತ್ತದೆ. ನನಗೆ ಅದು ಅಷ್ಟೇನೂ ಇಷ್ಟವಿಲ್ಲ.

ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡಕ್ಕೆ ಸೇರಿರುವ, ಕನ್ನಡ ಮನೆಮಾತಿನ ಸೊಲ್ಲಾಪುರದ ಹುಡುಗನೊಬ್ಬ, “ಸರ್, ಡೀಬಗ್ ಸೊನ್ನೆ ಅಂತ ಕೊಟ್ಟೀನಿ, ಆದ್ರೂ ಡೀಬಗ್ ಬಿಲ್ಡೇ ಬರಾಕತ್ತದಲ್ರೀ” ಎಂದು ಕೇಳಿದ. ಡೀಬಗ್ ಬಿಲ್ಡ್ ಎಂದರೆ ದೋಷ ಹುಡುಕಲು ನೆರವಾಗುವಂತೆ ಕಟ್ಟಿದ ಪ್ರೋಗ್ರಾಮು. ಮೇಕ್‌ಫೈಲಿನಲ್ಲಿ ಇದ್ದದ್ದು ಇಫ್‌ಡೆಫ್. ಅದು ವೇರಿಯಬಲ್ಲಿನ ಬೆಲೆ ಖಾಲಿಯೇ ಅಲ್ಲವೇ ಎಂಬುದನ್ನಷ್ಟೇ ನೋಡುತ್ತದೆ. ಸೊನ್ನೆಯೂ ಒಂದು ಅಕ್ಷರವಾದ್ದರಿಂದ ಷರತ್ತು ನಿಜವಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ: ಬರಿಯ ಸಮಚಿಹ್ನೆಯಿಂದ ಒಂದು ವೇರಿಯಬಲ್ಲಿಗೆ ಮತ್ತೊಂದು ಖಾಲಿ ವೇರಿಯಬಲ್ಲನ್ನು ಕೊಟ್ಟರೂ ಇಫ್‌ಡೆಫ್ ಅದನ್ನು ನಿಜವೆಂದೇ ಎಣಿಸುತ್ತದೆ, ಏಕೆಂದರೆ ಒಳಗಿನ ಹೆಸರನ್ನು ಬಿಡಿಸಿ ನೋಡುವ ಗೋಜಿಗೆ ಅದು ಹೋಗುವುದಿಲ್ಲ. ಸಮಚಿಹ್ನೆಗೆ ಮುಂಚೆ ಕೋಲನ್ ಇಟ್ಟರೆ (:=) ಬೆಲೆ ಅಲ್ಲಿಯೇ ಬಿಡಿಸಿಕೊಂಡು ಖಾಲಿಯಾಗುತ್ತದೆ, ಷರತ್ತೂ ಸುಳ್ಳಾಗುತ್ತದೆ. ಆದುದರಿಂದ ಹೌದು-ಅಲ್ಲ ಎಂಬ ಆಯ್ಕೆಗೆ ಇಫ್‌ಡೆಫ್ ಬಿಟ್ಟು, ‘1’ ಎಂಬ ಬೆಲೆಯೊಂದಿಗೆ ಇಫ್‌ಈಕ್ಯೂನಿಂದ ಹೋಲಿಸುವುದೇ ಲೇಸು ಎಂದು ನಾನು ಅವನಿಗೆ ಹೇಳಿದೆ.

ಷರತ್ತಿನ ಸಾಲನ್ನು ಟ್ಯಾಬ್‌ನಿಂದ ಆರಂಭಿಸಬಾರದು. ಹಾಗೆ ಮಾಡಿದರೆ ಅದು ಹಿಂದಿನ ನಿಯಮದ ಕಮಾಂಡಾಗಿ ಶೆಲ್‌ಗೆ ಹೋಗಬಹುದು. ಒಳಸರಿಸಬೇಕೆನಿಸಿದರೆ ಸ್ಪೇಸ್ ಸಾಕು.

ಮೇಕ್‌ಫೈಲ್‌ನಂಥ ಬಿಲ್ಡ್ ಕಡತಗಳನ್ನು ತಾನೇ ಬರೆದುಕೊಡುವ ಸೀಮೇಕ್‌ಗೆ ಬಂದವರಿಗೂ ಹೊತ್ತಿನ ಇದೇ ತೊಡಕು ಎದುರಾಗುತ್ತದೆ. ಅದರ ಇಫ್ ಕಾನ್ಫಿಗರ್ ಮಾಡುವಾಗ, ಅಂದರೆ ಆ ಕಡತಗಳನ್ನು ಬರೆಯುವ ಮುನ್ನವೇ, ನಡೆಯುತ್ತದೆ, ಆದರೆ ವಿಷುಯಲ್ ಸ್ಟುಡಿಯೋ, ಎಕ್ಸ್‌ಕೋಡ್‌ಗಳಲ್ಲಿ ಡೀಬಗ್ ಬೇಕೋ ರಿಲೀಸ್ ಬೇಕೋ ಎಂಬುದು ನಿರ್ಧಾರವಾಗುವುದು ಬಿಲ್ಡ್ ಮಾಡುವಾಗ. ಬಿಲ್ಡ್ ಟೈಪ್ ವೇರಿಯಬಲ್ಲನ್ನು ಇಫ್‌ನಲ್ಲಿ ಪರೀಕ್ಷಿಸಿದ ಕಡತ ಲಿನಕ್ಸ್‌ನ ಮೇಕ್ ಜೊತೆ ಸರಿಯಾಗಿ ನಡೆದು ವಿಂಡೋಸ್‌ನ ವಿಷುಯಲ್ ಸ್ಟುಡಿಯೋದಲ್ಲಿ ಕೈಕೊಡುವುದು ಇದರಿಂದಲೇ. ಅಲ್ಲಿ ಜನರೇಟರ್ ಎಕ್ಸ್‌ಪ್ರೆಶನ್ (ಬಿಲ್ಡ್ ಕಡತಗಳನ್ನು ಬರೆಯುವಾಗ ಬಿಡಿಸಿಕೊಳ್ಳುವ ಉಕ್ತಿ) ಬರೆಯಬೇಕು. ಓದಲು ಅದು ಕಷ್ಟವೇ, ಆದರೂ ಪ್ರತಿ ಕಾನ್ಫಿಗರೇಶನ್ನಿಗೂ ಬೇರೆಬೇರೆ ಬೆಲೆ ಕೊಡಬಲ್ಲದು.