ಓಟು ಹಾಕಿದವರು ಪಟ್ಟಿ ತೋರಿಸಲಿ

ಮೈಸೂರಿನಲ್ಲಿ ಕೂತು ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರು ಕಡಿಮೆ, ಆದರೂ ನಾವು ಕೆಲವರು ಇದ್ದೇವೆ. ಅಲ್ಲಿನ ಶನಿವಾರ ರಾತ್ರಿಯ ಆಟ ನಮಗೆ ಭಾನುವಾರ ಬೆಳಗ್ಗೆ. ಆಟಕ್ಕಿಂತ ಜಾಸ್ತಿ ತಲೆ ಕೆಡಿಸುವುದು ರ‍್ಯಾಂಕಿಂಗ್.

ತಂಡಗಳು ನೂರಕ್ಕೂ ಹೆಚ್ಚು. ಎಲ್ಲರೂ ಎಲ್ಲರ ಜತೆ ಆಡಲು ಆಗಲ್ಲ, ಯಾರು ಮೇಲು ಅಂತ ಯಾರೋ ಹೇಳಲೇಬೇಕು. 1936ರಿಂದ ಇರುವ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಎಪಿ ಪೋಲ್‌ ಅನ್ನುವ ಓಟಿನಲ್ಲಿ ಕ್ರೀಡಾ ಪತ್ರಕರ್ತರು ತಲಾ 25 ತಂಡಗಳನ್ನು ಬರೆಯುತ್ತಾರೆ. ಮೊದಲನೆಯದಕ್ಕೆ 25 ಅಂಕ, ಕೊನೆಯದಕ್ಕೆ 1. ಯಾರು ಹೇಗೆ ಹಾಕಿದರು ಅಂತ ಎಲ್ಲರೂ ನೋಡಬಹುದು. ಎಡವಟ್ಟು ಓಟಿಗೆ ಅಭಿಮಾನಿಗಳು ಜಗಳ ಆಡುತ್ತಾರೆ. ಆಡಬೇಕು ಕೂಡ.

ಕೋಚ್‌ಗಳ ಪೋಲ್ ಹಾಗಲ್ಲ. ತಮ್ಮದೇ ತಂಡಕ್ಕೂ ಎದುರಾಳಿಗೂ ಸ್ಥಾನ ಕೊಡುವವರು ಅವರು, ಆದರೂ ವಾರವಾರದ ಓಟು ಗುಟ್ಟು. ಇದು ಯಾವ ನ್ಯಾಯ?

ಪ್ಲೇಆಫ್‌, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಪಂದ್ಯಗಳಿಗೆ ತಂಡಗಳನ್ನು ಆರಿಸುವ ಸಮಿತಿಯದ್ದು ಇನ್ನೊಂದು ಕಥೆ. ತಮ್ಮ ಕಾಲೇಜಿನ ಚರ್ಚೆ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು, ಆ ನಿಯಮ ಒಳ್ಳೆಯದೇ. ಆದರೆ 2023ರಲ್ಲಿ ಫ್ಲೋರಿಡಾ ಸ್ಟೇಟ್ ಅನ್ನುವ ಕಾಲೇಜಿನ ತಂಡ 13ಕ್ಕೆ 13 ಪಂದ್ಯ ಗೆದ್ದು, ತನ್ನ ಕಾನ್ಫರೆನ್ಸಿನ (ಕಾಲೇಜುಗಳ ಗುಂಪಿನ) ಚಾಂಪಿಯನ್ ಆಗಿಯೂ, ದಾಳಿ ನಡೆಸುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದಾನೆ ಅನ್ನುವ ಕಾರಣಕ್ಕೆ ಪ್ಲೇಆಫ್‌ನ ನಾಲ್ಕು ತಂಡಗಳ ಪಟ್ಟಿಯಿಂದ ಹೊರಗುಳಿಯಿತು. ಒಂದೊಂದು ಸೋಲು ಕಂಡಿದ್ದ ಟೆಕ್ಸಾಸ್, ಅಲಬಾಮಾ ಒಳಗೆ ಹೋದವು. ನಮ್ಮ ದಸರಾ ಕುಸ್ತಿಯಲ್ಲಿ ಯಾರ ಬೆನ್ನು ಮಣ್ಣಿಗೆ ತಾಗಿತು ಅಂತ ಸುತ್ತ ಕೂತವರಿಗೆಲ್ಲ ಕಾಣುತ್ತದೆ. ಇಲ್ಲಿ ಯಾವ ಸದಸ್ಯ ಯಾರನ್ನು ಎಷ್ಟನೇ ಜಾಗದಲ್ಲಿ ಇಟ್ಟ ಅನ್ನುವುದೇ ಗೊತ್ತಾಗಲ್ಲ.

2024ರಿಂದ 12 ತಂಡಗಳಿಗೆ ಅವಕಾಶ ಇದೆ, ಸರಿ. ಆದರೆ ಹದಿಮೂರನೆಯವರಿಗೂ ಅದೇ ಪ್ರಶ್ನೆ ಇರುತ್ತದೆ ಅಲ್ವಾ? ಪ್ರತಿ ಸದಸ್ಯನ ಪಟ್ಟಿಯನ್ನೂ ಹೆಸರು ಹಾಕಿ ಆವತ್ತೇ ಪ್ರಕಟಿಸಲಿ.