ಪರೇಲಿನ ಗುರುವಾರಗಳು

ವಿಜಯಪುರದಲ್ಲಿ ಹುಟ್ಟಿ ಬೆಳೆದವರು ಮುಂಬಯಿಗೆ ಬಂದು ಸಿ.ಎಸ್.ಎಂ.ಟಿ. ರೈಲು ನಿಲ್ದಾಣದ ಪಕ್ಕದ ಜಿ.ಪಿ.ಓ., ಅಂದರೆ ಪ್ರಧಾನ ಅಂಚೆ ಕಚೇರಿಯ ಕಟ್ಟಡವನ್ನು ಮೊದಲ ಸಲ ನೋಡಿದಾಗ ಅರೆಗಳಿಗೆ ನಿಂತೇ ನಿಲ್ಲುತ್ತಾರೆ. 1913ರಲ್ಲಿ ಮುಗಿದ ಆ ಕಟ್ಟಡದ ನಡುಗುಮ್ಮಟಕ್ಕೆ ವಾಸ್ತುಶಿಲ್ಪಿ ಜಾನ್ ಬೆಗ್ ನಮ್ಮೂರಿನ ಗೋಳಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಹೊಸತರಲ್ಲಿ ಊರು ನೆನಪಾದಾಗಲೆಲ್ಲ ನಾನು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ಗುಮ್ಮಟಕ್ಕಿಂತ ಹೆಚ್ಚಾಗಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದವರು ಅದರ ಎದುರು, ಪಾರಿವಾಳಗಳಿಗೆ ಕಾಳು ಹಾಕುವ ಜಾಗದ ಹತ್ತಿರ, ತಾಡಪತ್ರಿಯ ನೆರಳಿನಲ್ಲಿ ಸಣ್ಣ ಮೇಜು ಇಟ್ಟುಕೊಂಡು ಕೂರುತ್ತಿದ್ದ ಪತ್ರ ಬರೆಯುವವರು. ಓದುಬರಹ ತಿಳಿಯದ ಕೂಲಿಕಾರರು ಬಂದು ಹೇಳುತ್ತಿದ್ದರು, ಇವರು ಬರೆಯುತ್ತಿದ್ದರು. ಮನಿಆರ್ಡರ್ ಫಾರಂ ತುಂಬಿಕೊಡುತ್ತಿದ್ದರು. ಕೈಕೈಗೂ ಫೋನು ಬಂದ ಮೇಲೆ ಪತ್ರ ಬರೆಸುವವರು ಕಡಿಮೆಯಾಗಿ, ಅವರ ಕೆಲಸ ಪಾರ್ಸೆಲ್‌ಗಳಿಗೆ ಬಿಳಿ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತುವುದಕ್ಕೆ ತಿರುಗಿತು.

ಅವರ ನೆನಪು ನನಗೆ ಮತ್ತೆ ಬಂದದ್ದು ನನ್ನ ಬರವಣಿಗೆ ನಿಂತುಹೋದಾಗ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಬೇಕಾದಷ್ಟು ಬರೆಯಬಹುದೆಂದು ನಾನು ವರ್ಷಗಳಿಂದ ಕಾದಿದ್ದೆ. ಕೆಲಸವಿದ್ದಾಗ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮನಸ್ಸಿನಲ್ಲಿ ಕಥೆ ಕಟ್ಟುತ್ತಿದ್ದವಳಿಗೆ, ಕಿಟಕಿಯ ಪಕ್ಕ ಮೇಜು, ಹೊಸ ನೋಟುಪುಸ್ತಕ, ಇಡೀ ದಿನದ ಬಿಡುವು ಎಲ್ಲವೂ ದೊರೆತ ಮೇಲೆ ಎರಡು ವರ್ಷ ಒಂದು ಪುಟವೂ ಆಗಲಿಲ್ಲ. ಬರೆದದ್ದನ್ನು ಮರುದಿನ ಓದಿದರೆ ಅದರಲ್ಲಿ ನನ್ನ ದನಿ ಬಿಟ್ಟು ಬೇರೆ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಸ್ಫೂರ್ತಿಗಾಗಿ ನಸುಕಿನಲ್ಲಿ ಎದ್ದು ಕೂತು ನೋಡಿದೆ, ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದೆ. ಅದರಿಂದ ಏನೂ ಆಗಲಿಲ್ಲ.

ಆ ಮಳೆಗಾಲದಲ್ಲಿ ಪಕ್ಕದ ಮನೆಯವರ ಸಂಬಂಧಿಕರೊಬ್ಬರನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. 1941ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಧರ್ಮಶಾಲೆಯಲ್ಲಿ ಜಾಗ ಸಿಗದವರು ಸುತ್ತಲಿನ ಫುಟ್‌ಪಾತಿನ ಮೇಲೆಯೇ ಹಾಸಿಗೆ, ಪಾತ್ರೆ, ಎಕ್ಸ್‌ರೇ ಚೀಲ ಇಟ್ಟುಕೊಂಡು ದಿನ ಕಳೆಯುತ್ತಾರೆ. ಗೇಟಿನ ಹೊರಗೆ ಚಹಾ ಕುಡಿಯುತ್ತ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡ ಒಬ್ಬ ತಾಯಿ ಮಡಿಸಿದ ಕಾಗದವೊಂದನ್ನು ಮುಂದೆ ಹಿಡಿದರು. “ಅಕ್ಕಾರ, ಇದರಾಗ ಏನ್ ಬರದಾರ, ಒಂಚೂರು ಹೇಳ್ರಿ.” ಅದು ಮುಂದಿನ ಭೇಟಿಯ ದಿನಾಂಕ ಮತ್ತು ಆ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಸೂಚನೆ, ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಆ ತಾಯಿ ಮಾತ್ರ ಅದನ್ನು ಹಿಡಿದುಕೊಂಡು ಬೆಳಗಿನಿಂದ ಕನ್ನಡ ಬಲ್ಲವರಿಗಾಗಿ ಕಾಯುತ್ತಿದ್ದರು.

ಅಂದಿನಿಂದ ಪ್ರತಿ ಗುರುವಾರ ನಾನು ಪರೇಲಿಗೆ ಹೋಗುತ್ತೇನೆ. ಅಲ್ಲಿ ನಾನು ಮಾಡುವುದು ಬಹಳ ಸಣ್ಣ ಕೆಲಸ: ಓದಿ ಹೇಳುವುದು, ಬರೆದುಕೊಡುವುದು, ಫಾರಂ ತುಂಬುವುದು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬರುವ ಎಷ್ಟೋ ಜನರಿಗೆ ರೈಲ್ವೆಯ ರಿಯಾಯಿತಿಯ ವಿಷಯ ತಿಳಿದಿರುವುದಿಲ್ಲ. ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎ.ಸಿ. ಥ್ರೀ-ಟಯರ್‌ನಲ್ಲಿ ಮೂಲದರದ ಮೇಲೆ ನೂರಕ್ಕೆ ನೂರು ರಿಯಾಯಿತಿ ಇದೆ, ಜೊತೆಯಲ್ಲಿ ಹೋಗುವ ಒಬ್ಬರಿಗೆ ಶೇಕಡಾ 75. ಆಸ್ಪತ್ರೆಯ ಸಹಿ ಮತ್ತು ಮುದ್ರೆ ಇರುವ ಪ್ರಮಾಣಪತ್ರವನ್ನು ಟಿಕೆಟ್ ಕೌಂಟರಿನಲ್ಲಿ ಕೊಟ್ಟರೆ ಸಾಕು. ಇದು ಗೊತ್ತಿಲ್ಲದೆ ಸಾಲ ಮಾಡಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಪೂರ್ತಿ ದರ ಕೊಟ್ಟು ಓಡಾಡಿದವರನ್ನು ಕಂಡಾಗ, ಇಷ್ಟು ವರ್ಷ ಇದೇ ಮಾರ್ಗದಲ್ಲಿ ರೈಲಿನಲ್ಲಿ ಹಾದುಹೋಗುತ್ತಿದ್ದ ನಾನು ಇಲ್ಲಿ ಒಮ್ಮೆಯಾದರೂ ಇಳಿಯಬೇಕಾಗಿತ್ತು ಎಂದು ಮನಸ್ಸು ನೊಂದಿತು.

ಮಾತ್ರೆಗಳ ಗೊಂದಲ ಇನ್ನೊಂದು. ಚೀಟಿಯಲ್ಲಿ ಏನೇ ಬರೆದಿದ್ದರೂ, ಓದಲು ಬಾರದವರಿಗೆ ಎಲ್ಲ ಮಾತ್ರೆಗಳೂ ಬಿಳಿ ಗುಂಡುಗಳೇ. ಮೊದಮೊದಲು ನಾನು ರಟ್ಟಿನ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬಿಡಿಸಿ, ನರ್ಸ್ ಹೇಳಿದ ಪ್ರಕಾರ ಒಂದೊಂದರ ಕೆಳಗೆ ಒಂದೊಂದು ಮಾತ್ರೆಯ ಖಾಲಿ ಸ್ಟ್ರಿಪ್ಪಿನ ತುಂಡನ್ನು ಅಂಟಿಸಿಕೊಡುತ್ತಿದ್ದೆ. ಮಳೆಯಲ್ಲಿ ರಟ್ಟು ನೆನೆದು ಹಾಳಾಗುತ್ತಿತ್ತು. ಹತ್ತಿರದ ಹಿಂದ್‌ಮಾತಾದ ಬಟ್ಟೆ ಅಂಗಡಿಗಳಲ್ಲಿ ಉಳಿಕೆ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಅವನ್ನೂ ಮನೆಯಲ್ಲಿದ್ದ ಹಳೆಯ ಖಣದ ಕುಪ್ಪಸಗಳನ್ನೂ ಸೇರಿಸಿ ಮೂರು ಜೇಬಿನ ಪುಟ್ಟ ಚೀಲ ಹೊಲಿದೆ: ಬೆಳಗಿಗೆ ಹಳದಿ, ಮಧ್ಯಾಹ್ನಕ್ಕೆ ಕೆಂಪು, ರಾತ್ರಿಗೆ ಕಡುನೀಲಿ. ನನ್ನ ಅಜ್ಜಿ ಕೌದಿ ಹೊಲಿಯುವಾಗ ಹಾಕುತ್ತಿದ್ದ ಸಾಲುಹೊಲಿಗೆ ನನ್ನ ಬೆರಳುಗಳಿಗೆ ತಾನಾಗಿ ನೆನಪಾಯಿತು. ನಲವತ್ತು ವರ್ಷ ಸೂಜಿ ಹಿಡಿಯದವಳು ಒಂದು ರಾತ್ರಿಯಲ್ಲಿ ಐದು ಚೀಲ ಹೊಲಿದೆ, ಆರನೆಯದಕ್ಕೆ ದಾರ ಪೋಣಿಸುವಾಗ ಒಂದು ವಾಕ್ಯ ಹೊಳೆಯಿತು. ಎದ್ದು ಹೋಗಿ ಬರೆದಿಟ್ಟೆ. ಎರಡು ವರ್ಷಗಳ ನಂತರ ನಾನು ಅಳಿಸದೆ ಉಳಿಸಿಕೊಂಡ ಮೊದಲ ವಾಕ್ಯ ಅದು.

ನಮ್ಮ ಕಟ್ಟಡದಲ್ಲಿ ತಬಲಾ ಕಲಿಯುವ ಹುಡುಗನೊಬ್ಬನಿದ್ದಾನೆ. ನನ್ನ ಜೊತೆ ಒಮ್ಮೆ ಬಂದವನು ರಕ್ತದ ಪ್ಲೇಟ್‌ಲೆಟ್ ಕೊಟ್ಟು ಹೋದ. ಅವು ಹೆಚ್ಚೆಂದರೆ ಐದು ದಿನ ಉಳಿಯುವುದರಿಂದ ದಾನಿಗಳು ಬರುತ್ತಲೇ ಇರಬೇಕು ಎಂದು ತಿಳಿದ ಮೇಲೆ ಅವನು ತಾನಾಗಿಯೇ ಮತ್ತೆ ಹೋಗುತ್ತಾನೆ. ಇನ್ನೊಬ್ಬ ಗೆಳತಿ ಪ್ರತಿ ವಾರ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಾಳೆ. ಊರು ಬಿಟ್ಟು ಬಂದವರ ಮುಖ ರೊಟ್ಟಿಯ ಗಂಟನ್ನು ಬಿಚ್ಚುವಾಗ ಹೇಗೆ ಅರಳುತ್ತದೆ ಎಂಬುದನ್ನು ಅವಳೇ ಒಮ್ಮೆ ಬಂದು ನೋಡಬೇಕು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ನನ್ನನ್ನು ಬಹಳ ಕಾಡಿದೆ. ಬರೆಯುವವರಿಗೆ ಇಂಥ ಜಾಗದಲ್ಲಿ ಕಥೆಗಳಿಗೆ ಕೊರತೆಯಿಲ್ಲ, ಕೈಚಾಚಿದರೆ ಸಿಗುತ್ತವೆ. ಮೊದಲ ತಿಂಗಳು ನಾನೂ ಮನೆಗೆ ಬಂದು ಕೇಳಿದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟೆ. ಆಮೇಲೊಂದು ಗುರುವಾರ, ಒಬ್ಬ ತಾಯಿ ಮಗನ ಕಾಯಿಲೆಯ ಬಗ್ಗೆ ಹೇಳುತ್ತಿರುವಾಗಲೇ ನನ್ನ ಮನಸ್ಸು ಅದಕ್ಕೆ ಮೊದಲ ಸಾಲನ್ನು ಹುಡುಕುತ್ತಿರುವುದು ನನಗೇ ಗೊತ್ತಾಯಿತು. ಅವರು ಹೇಳಿದ ಔಷಧದ ಹೆಸರನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ, ಮತ್ತೊಮ್ಮೆ ಕೇಳಬೇಕಾಯಿತು. ಅಂದು ರಾತ್ರಿ ಆ ಪುಟಗಳನ್ನು ಹರಿದುಹಾಕಿದೆ. ಅವರು ನನ್ನ ಬಳಿ ಬಂದದ್ದು ಕಾಗದ ಓದಿಸಿಕೊಳ್ಳಲು. ತಮ್ಮ ಸಂಕಟವನ್ನು ನನ್ನ ಕಥೆಗೆ ಕೊಡಲು ಅವರು ಬಂದಿರಲಿಲ್ಲ. ಅಂದಿನಿಂದ ಅಲ್ಲಿ ಕೇಳಿದ ಘಟನೆಗಳನ್ನು ನಾನು ಕಥೆಯಾಗಿಸಿಲ್ಲ. ಹಾಗಿದ್ದೂ ನನ್ನ ಬರವಣಿಗೆ ಬದಲಾಯಿತು. ಮಾತು ಎಲ್ಲಿ ನಿಲ್ಲುತ್ತದೆ, ಹೇಳಲಾಗದ್ದನ್ನು ಜನ ಹೇಗೆ ಸುತ್ತುಬಳಸಿ ತಲುಪುತ್ತಾರೆ, ಯಾವುದನ್ನು ಹೇಳದೆಯೇ ಬಿಡುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳುವುದು ನನಗೆ ಅಲ್ಲಿ ಅಭ್ಯಾಸವಾಯಿತು, ಮತ್ತು ಆ ಅಭ್ಯಾಸ ನಾನು ಕಲ್ಪಿಸಿಕೊಂಡ ಪಾತ್ರಗಳ ಬಾಯಿಗೂ ಬಂತು.

ಇದನ್ನು ಹೆಚ್ಚಾಗಿ ಕಲಿಸಿದವರು ಸಿಂದಗಿ ಕಡೆಯ ಒಬ್ಬ ಹಿರಿಯರು. ಅವರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಮ್ಮನಿಗೆ ಒಂದು ಪತ್ರ ಬರೆಯಬೇಕು ಎಂದರು. ಅವರ ಮಗನ ಕೈಯಲ್ಲಿ ಫೋನು ಇತ್ತು, ಹಾಗಾಗಿ ನನಗೆ ಆಶ್ಚರ್ಯವಾಯಿತು. “ಫೋನ್‌ನ್ಯಾಗ ಹೇಳಿದ್ರ ಮನಿ ಮಂದಿಯೆಲ್ಲ ಕೇಳ್ತೈತ್ರಿ ಅಕ್ಕಾರ. ಇದು ಅಂವಾ ಒಬ್ಬಾಂವನ ಓದೂ ಮಾತ ಐತಿ,” ಎಂದರು. ಮರುವಾರ ಒಂದು ಇನ್‌ಲ್ಯಾಂಡ್ ಪತ್ರ ಕೊಂಡೊಯ್ದೆ.

ನಾನು “ಉಭಯ ಕುಶಲೋಪರಿ” ಎಂದು ಆರಂಭಿಸಿ ಪೆನ್ನು ಹಿಡಿದು ಕುಳಿತೆ. ಅವರು ಹೊಲದ ಬಾವಿಯಲ್ಲಿ ನೀರು ಎಷ್ಟು ಮೆಟ್ಟಿಲಿಗೆ ಬಂದಿದೆ ಎಂದು ಕೇಳಿಸಿದರು. ಬಾವಿಯ ಮೇಲಿನ ಬೇವಿನ ಗಿಡವನ್ನು ಕಡಿಯಬೇಡ ಎಂದರು. ಎತ್ತಿನ ಕಾಲುನೋವಿನ ಬಗ್ಗೆ ವಿಚಾರಿಸಿದರು. ತಮ್ಮ ಕಾಯಿಲೆಯ ಬಗ್ಗೆ ಒಂದೇ ಮಾತು, “ಇಲ್ಲಿ ಚಲೋ ನೋಡ್ಕೊಳ್ಳಾಕತ್ತಾರ” ಎಂದು. ಪತ್ರದಲ್ಲಿ ಇನ್ನೇನು ಎರಡು ಬೆರಳಿನಷ್ಟು ಜಾಗ ಉಳಿದಿರುವಾಗ, ಎಷ್ಟು ಉಳಿದಿದೆ ಎಂದು ಕೇಳಿ ನೋಡಿಕೊಂಡು, ತುಸು ಹೊತ್ತು ಸುಮ್ಮನಿದ್ದು ಕೊನೆಯ ಸಾಲನ್ನು ಹೇಳಿದರು. ಹಿಂದಿನ ಸಾಲುಗಳೆಲ್ಲ ಆ ಸಾಲಿಗೆ ದಾರಿ ಮಾಡುತ್ತಿದ್ದವೆಂದು ನನಗೆ ಆಗ ತಿಳಿಯಿತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನು ಬರೆಯಬಹುದು ಎಂದೇ ಅವರು ಒಪ್ಪಿದ್ದು. ಕಳಿಸುವವರ ವಿಳಾಸದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಾಗ ತಾವು ಕುಳಿತಿದ್ದ ಫುಟ್‌ಪಾತನ್ನು ನೋಡಿಕೊಂಡರು. ನನ್ನ ಮನೆಯ ವಿಳಾಸ ಬರೆದೆ.

ಹದಿನೆಂಟು ದಿನಗಳ ಮೇಲೆ ನನ್ನ ಅಂಚೆಪೆಟ್ಟಿಗೆಯಲ್ಲಿ ಅವರ ಹೆಸರಿನ ಪತ್ರ ಬಂದಿತ್ತು. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಕಾಯಲು ಮನಸ್ಸಾಗದೆ ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿದೆ. ಅವರು ಹಳದಿ ಜೇಬು ಖಾಲಿಯಾಗಿದ್ದ ಖಣದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದರು. ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿ ನನಗೇ ಮರಳಿಸಿದರು. ಅಂಟು ಬಿಡಿಸಿ ಓದಿದೆ. ತಮ್ಮನೂ ಬಾವಿಯಿಂದಲೇ ಆರಂಭಿಸಿದ್ದ: ನೀರು ಏಳನೆಯ ಮೆಟ್ಟಿಲಿಗೆ ಬಂದಿತ್ತು, ಬೇವಿನ ಗಿಡಕ್ಕೆ ಯಾರೂ ಕೈ ಹಚ್ಚಿರಲಿಲ್ಲ, ಎತ್ತು ಉಳುಮೆಗೆ ಹೋಗುತ್ತಿತ್ತು. ಅವನ ಉತ್ತರವೂ ಕೊನೆಯ ಎರಡು ಬೆರಳಿನ ಜಾಗದಲ್ಲಿತ್ತು.

ಓದಿ ಮುಗಿಸಿದ ಮೇಲೆ ಅವರು ಬಹಳ ಹೊತ್ತು ರಸ್ತೆಯ ಕಡೆ ನೋಡುತ್ತಿದ್ದರು. ಆಮೇಲೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ಇನ್ನೊಮ್ಮೆ ಓದ್ರಿ ಅಕ್ಕಾರ. ಮ್ಯಾಲಿಂದ ಓದ್ರಿ, ಬಾವಿ ಸುದ್ದಿಯಿಂದ.”