ಗರಗರ ತೆಗೆಯುವ ಆತುರದಲ್ಲಿ ಪಿಟೀಲು ಹೋಗಬಾರದು

ಹಳೆಯ ಚಿತ್ರಗೀತೆಗಳ ರೆಕಾರ್ಡುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಈ ಗರಗರ ಪೂರ್ತಿ ಹೋಗೋದು ಯಾವಾಗ?" ಪೂರ್ತಿ ಹೋಗಬಾರದು. 1950ರ ದಶಕದ ಹಾಡಿನಲ್ಲಿ ಗರಗರ ಹೆಚ್ಚಾಗಿ ಕಿವಿಗೆ ಬೀಳುವುದು 3,000 ಹರ್ಟ್ಸ್‌ನಿಂದ ಮೇಲೆ. ಪಿಟೀಲಿನ ಮಿನುಗು, ತಬಲಾದ ಅಂಚಿನ ಪೆಟ್ಟು, ಗಾಯಕಿಯ ಸ, ಶ, ಚ ಅಕ್ಷರಗಳು ಇರುವುದೂ ಅಲ್ಲೇ. ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ. ಹಿಂದಿ ಚಿತ್ರಸಂಗೀತದ ಜೋಡಿ ಶಂಕರ್-ಜೈಕಿಶನ್ ಹಾಡುಗಳಲ್ಲಿ, ವಾದ್ಯಗಳಿಗೆ ಸ್ವರ ಹಂಚಿ ಬರೆಯುವ ಅರೇಂಜರ್ ಸೆಬಾಸ್ಟಿಯನ್ ಡಿಸೋಜಾ ಬರೆದ ಪಿಟೀಲಿನ ಸಾಲುಗಳು ಹಾಡುವ ದನಿಗೆ ಉತ್ತರ ಕೊಡುತ್ತ ಹಿಂದೆಯೇ ಹರಿಯುತ್ತವಲ್ಲ, ಮೊದಲು ಬಲಿಯಾಗುವುದು ಅವೇ. ಆಮೇಲೆ ಉಳಿಯುವುದು ದನಿ ಮತ್ತು ಠೇಕಾ ಮಾತ್ರ. ಅದನ್ನು ಶಂಕರ್-ಜೈಕಿಶನ್ ಹಾಡು ಎಂದು ಕೇಳುಗರ ಕೈಗೆ ಕೊಡುವುದು ಅನ್ಯಾಯ.

ಹಾಗಾಗಿ ಗರಗರವನ್ನು ಸಾಫ್ಟ್‌ವೇರಿಗೆ ಬಿಡುವ ಮುಂಚೆ, ತಟ್ಟೆಯ ಮೇಲೇ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಿಕೊಳ್ಳಬೇಕು.

ಮೊದಲು ತೊಳೆಯುವುದು. ನಿಮಿಷಕ್ಕೆ 78 ಸುತ್ತು ತಿರುಗುವ 78ರ ತಟ್ಟೆ ಅರಗಿನದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ವಿನೈಲ್ ರೆಕಾರ್ಡಿಗೆ ಬಳಸುವ ಸ್ಪಿರಿಟ್ ಬೆರೆಸಿದ ದ್ರಾವಣ ಇದರ ಹತ್ತಿರವೂ ಬರಬಾರದು. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಬಣ್ಣ ವಾಸನೆ ಇಲ್ಲದ ಸೌಮ್ಯ ಡಿಟರ್ಜೆಂಟ್ ಎರಡು-ಮೂರು ಹನಿ, ಮೆತ್ತನೆಯ ಬ್ರಷ್ ಸಾಕು. ಬ್ರಷ್ ಗೆರೆಯ ಗುಂಟ ಸುತ್ತಬೇಕು, ಅಡ್ಡಕ್ಕೆ ಎಳೆಯಬಾರದು. ಲೇಬಲ್ ನೆನೆಯಬಾರದು. ಮತ್ತೆ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದು, ನೆರಳಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು. ಮಲೆನಾಡು, ಕರಾವಳಿಯ ಮನೆಗಳಿಂದ ಬರುವ ತಟ್ಟೆಗಳ ಗೆರೆಯಲ್ಲಿ ಬೂಷ್ಟು ಹಿಡಿದಿರುತ್ತದೆ. ಅವನ್ನು ಒಂದಲ್ಲ, ಎರಡು ಸಲ ತೊಳೆಯಿರಿ.

ಎರಡನೆಯದು ಮುಳ್ಳು. ಎಲ್‌ಪಿಗೆ ಹಾಕುವ ಮುಳ್ಳಿನ ತುದಿ 18 ಮೈಕ್ರಾನ್ ಆಸುಪಾಸು, 78ಕ್ಕೆ ಬೇಕಾದದ್ದು 75 ಮೈಕ್ರಾನ್. ಸಣ್ಣ ಮುಳ್ಳು ಅಗಲವಾದ ಗೆರೆಯ ತಳಕ್ಕೆ ಇಳಿದು ಅಲ್ಲಿನ ಧೂಳನ್ನೇ ಓದುತ್ತದೆ. ಇನ್ನೂ ಒಂದು ವಿಷಯ ಇದೆ. ಕೀಲಿ ಕೊಡುವ ಗ್ರಾಮಫೋನಿನ ಸೌಂಡ್‌ಬಾಕ್ಸ್ ನೂರು ಗ್ರಾಂಗೂ ಹೆಚ್ಚು ಭಾರ ಹೇರುತ್ತಿತ್ತು, ಅದರ ಉಕ್ಕಿನ ಮುಳ್ಳು ಗೆರೆಯ ಗೋಡೆಯನ್ನು ಒಂದೇ ಎತ್ತರದಲ್ಲಿ ಸವೆಸಿರುತ್ತದೆ. ಸ್ವಲ್ಪ ಚಿಕ್ಕ ಅಥವಾ ಸ್ವಲ್ಪ ದೊಡ್ಡ ತುದಿ ಹಾಕಿದರೆ ಸವೆಯದ ಜಾಗ ಸಿಗುತ್ತದೆ. 65, 70, 75, 90 ಮೈಕ್ರಾನ್, ಹೀಗೆ ಕೈಯಲ್ಲಿ ಇರುವುದನ್ನೆಲ್ಲ ಒಂದು ಚರಣದ ಮೇಲೆ ಹಾಕಿ ಕೇಳಿ. ಎಷ್ಟೋ ಸಲ ಯಾವ ಫಿಲ್ಟರ್ ಕೊಡುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಇಲ್ಲೇ ಸಿಗುತ್ತದೆ. ಮುಳ್ಳು ತಟ್ಟೆಯ ಮೇಲೆ ಹೇರುವ ಭಾರ ನಾಲ್ಕರಿಂದ ಐದು ಗ್ರಾಂ ಇರಲಿ.

ಮುಳ್ಳಿನಿಂದ ಬಂದ ಸಣ್ಣ ಸದ್ದನ್ನು ಹಿಗ್ಗಿಸುವ ಪ್ರಿಆಂಪ್‌ನಲ್ಲಿ ಆರ್‌ಐಎಎ ಎಂಬ ಕರ್ವ್ (ಯಾವ ಸ್ವರವನ್ನು ಎಷ್ಟು ಏರಿಸಬೇಕು, ಎಷ್ಟು ತಗ್ಗಿಸಬೇಕು ಎಂಬ ಲೆಕ್ಕ) ಒಂದೇ ಇದ್ದರೆ ಹಳೆಯ 78 ಮಂಕಾಗಿ ಕೇಳುತ್ತದೆ. ಆ ಕರ್ವ್ ಬಂದದ್ದು 1954ರಲ್ಲಿ. ಅದು 10,000 ಹರ್ಟ್ಸ್‌ನಲ್ಲಿ ಸುಮಾರು 14 ಡೆಸಿಬೆಲ್ ತಗ್ಗಿಸುತ್ತದೆ, ತಟ್ಟೆಯ ಗೆರೆ ಕತ್ತರಿಸುವಾಗ ಅಷ್ಟೇ ಏರಿಸಿರುತ್ತಾರೆ ಎಂಬ ಲೆಕ್ಕದಲ್ಲಿ. ಏರಿಸದೇ ಕತ್ತರಿಸಿದ ತಟ್ಟೆಗೆ ಅದನ್ನೇ ಹಾಕಿ, "ರೆಕಾರ್ಡ್ ಹಾಳಾಗಿದೆ" ಅನ್ನುವವರು ಬಹಳ. ಯಾವ ಕರ್ವೂ ಇಲ್ಲದೆ ಫ್ಲಾಟ್ ಆಗಿ ಇಳಿಸಿಕೊಂಡು ಕರ್ವ್ ಆಮೇಲೆ ಹಾಕುವುದು ಕ್ಷೇಮ. 24 ಬಿಟ್, 96 ಕಿಲೊಹರ್ಟ್ಸ್, ವೇವ್ ಫೈಲ್, ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್‌ನ ಆಸುಪಾಸು. ಎರಡೂ ಚಾನೆಲ್ ಇಟ್ಟುಕೊಳ್ಳಿ. ಮೋನೊ ತಟ್ಟೆಯ ಗೆರೆ ಅಡ್ಡಕ್ಕೆ ಮಾತ್ರ ಓಲಾಡುತ್ತದೆ, ಎರಡು ಚಾನೆಲ್ ಕೂಡಿಸಿದರೆ ಮೇಲೆ-ಕೆಳಗಿನ ಕುಣಿತದ ಸದ್ದು ತಾನೇ ರದ್ದಾಗುತ್ತದೆ. ಆದರೆ ಒಂದು ಗೋಡೆ ಪೂರ್ತಿ ಸವೆದಿದ್ದರೆ ಇನ್ನೊಂದನ್ನಷ್ಟೇ ಬಳಸಬೇಕಾಗುತ್ತದೆ.

ಶ್ರುತಿಯ ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು. ನಮ್ಮ 50 ಹರ್ಟ್ಸ್ ಕರೆಂಟಿನ ದೀಪದ ಕೆಳಗೆ 77 ಗೆರೆಯ ಸ್ಟ್ರೋಬ್ (ವೇಗ ನೋಡಲು ತಿರುಗಿಸುವ ಗೆರೆಗಳ ಚಕ್ರ) ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 77.92 ಸುತ್ತು. ತಟ್ಟೆಯನ್ನು ಕತ್ತರಿಸಿದ ವೇಗವೂ ಅದೇ ಎಂದು ಹೇಳಲಾಗದು. 78ರ ಬದಲು 80 ಆದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರಸ್ಥಾನ ಏರುತ್ತದೆ, ಗಾಯಕಿ ಹುಡುಗಿಯಾಗಿಬಿಡುತ್ತಾಳೆ. ಪಿಟೀಲು, ಕೊಳಲಿನಿಂದ ಶ್ರುತಿ ಅಳೆಯಬೇಡಿ. ಪಿಯಾನೊ, ಅಕಾರ್ಡಿಯನ್, ವೈಬ್ರಾಫೋನ್ ಬರುವ ಜಾಗ ಹುಡುಕಿ ಅದರ ಮೇಲೆ ಅಳೆಯಿರಿ. ಟಿವಿ ಅಥವಾ ವಿಡಿಯೊ ಟೇಪಿನ ಹಾಡನ್ನು ಪ್ರಮಾಣ ಮಾಡಿಕೊಳ್ಳುವುದು ಇನ್ನೂ ಅಪಾಯ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದ್ದರೆ ಹಾಡು ಶೇ 4ರಷ್ಟು ಬೇಗ ಓಡಿ, ಮುಕ್ಕಾಲು ಸ್ವರಸ್ಥಾನ ಮೇಲೆ ಹೋಗಿರುತ್ತದೆ.

ಇನ್ನು ಚಟ್ ಚಟ್ ಸದ್ದು. ಬಿರುಕು ಬಿಟ್ಟ 78 ಪ್ರತಿ ಸುತ್ತಿಗೆ ಒಮ್ಮೆ, ಅಂದರೆ 0.77 ಸೆಕೆಂಡಿಗೊಮ್ಮೆ ಬಡಿಯುತ್ತದೆ. ಹಾಡಿನ ಲಯ ಅದಕ್ಕೆ ಹತ್ತಿರವಿದ್ದರೆ ಬಿರುಕಿನ ಪೆಟ್ಟು ಢೋಲಕ್ಕಿನ ಪೆಟ್ಟಿಗೆ ಅಂಟಿಕೊಂಡೇ ಹಲವು ಸುತ್ತು ಸಾಗುತ್ತದೆ. ಅಲ್ಲಿ ಚಟ್ ಸದ್ದನ್ನು ತಾನೇ ಹುಡುಕಿ ಅಳಿಸುವ ಆಟೊಮ್ಯಾಟಿಕ್ ಡಿಕ್ಲಿಕ್ ಓಡಿಸಿದರೆ ಎರಡೂ ಹೋಗುತ್ತವೆ. ಆ ಜಾಗಗಳನ್ನು ಕೈಯಲ್ಲೇ, ಒಂದೊಂದಾಗಿ ಸರಿಪಡಿಸಬೇಕು, ಬೇರೆ ದಾರಿ ಇಲ್ಲ. ಮ್ಯಾಂಡೊಲಿನ್, ಸಂತೂರ್, ಮಟ್ಕಾ (ಮಡಕೆಯ ವಾದ್ಯ) ಇರುವ ಕಡೆಯೂ ಇದೇ ಎಚ್ಚರ.

ಡಿಕ್ಲಿಕ್ ಎಷ್ಟು ಮೋಸ ಹೋಗುತ್ತದೆ ಅನ್ನುವುದಕ್ಕೆ 1954ರ 'ನಾಗಿನ್' ಒಳ್ಳೆಯ ಪಾಠ. ಹೇಮಂತ್ ಕುಮಾರ್ ಸಂಗೀತದ ಆ ಚಿತ್ರದ ಪುಂಗಿಯ ನಾದ ಪುಂಗಿಯದಲ್ಲ. ಕಲ್ಯಾಣ್‌ಜಿ ಕ್ಲೇವಯೊಲಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲೂ ರವಿ ಹಾರ್ಮೋನಿಯಂನಲ್ಲೂ ಸೇರಿ ನುಡಿಸಿದ್ದು. ಅಂಥ ಝೇಂಕಾರದ ನಾದವನ್ನು ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಸಾಲು ಸಾಲು ಚೂಪು ಮೊನೆಗಳು. ಸಾಫ್ಟ್‌ವೇರಿಗೆ ಅವೆಲ್ಲ ಚಟ್ ಸದ್ದೇ. ಸೆನ್ಸಿಟಿವಿಟಿ ಸ್ವಲ್ಪ ಹೆಚ್ಚಿದರೂ ಮೊನೆಗಳನ್ನೆಲ್ಲ ಬೋಳಿಸಿ, ಆ ಮಾದಕ ನಾದವನ್ನು ಬಾಯಿಗೆ ಬಟ್ಟೆ ತುರುಕಿದಂತೆ ಮಾಡಿಬಿಡುತ್ತದೆ. ಟ್ರಂಪೆಟ್, ಶಹನಾಯಿಗಳಿಗೂ ಇದೇ ಗತಿ.

ಗರಗರ ತಗ್ಗಿಸುವುದಕ್ಕೆ ನಾವು ಇಟ್ಟುಕೊಂಡ ಮಿತಿ 6 ಡೆಸಿಬೆಲ್. ಹಾಡು ಶುರುವಾಗುವ ಮುಂಚಿನ ಖಾಲಿ ಗೆರೆಯಿಂದ ಒಂದೆರಡು ಸೆಕೆಂಡಿನ ಮಾದರಿ ತೆಗೆದುಕೊಂಡು, 3ರಿಂದ ಶುರುಮಾಡಿ. ಆಮೇಲೆ ತೆಗೆದುಹಾಕಿದ ಸದ್ದನ್ನಷ್ಟೇ ಬೇರೆಯಾಗಿ ಕೇಳಿ. ಅದರಲ್ಲಿ ಹಾಡಿನ ಒಂದು ಅಕ್ಷರ ಗುರುತು ಸಿಕ್ಕಿದರೂ, ಒಂದು ಪೆಟ್ಟಿನ ನೆರಳು ಕಂಡರೂ ಹಿಂದಕ್ಕೆ ಬನ್ನಿ.

ಕನ್ನಡದ ಕೆಲಸದಲ್ಲಿ ಹೆಚ್ಚಾಗಿ ಕೈಗೆ ಬರುವುದು ಏಳಿಂಚಿನ 45ರ ಇಪಿಗಳು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡುಗಳು, ಒಂದು ಬದಿಗೆ ಎರಡರಂತೆ. ಮುಳ್ಳಿನ ಕೆಳಗೆ ಗೆರೆ ಸಾಗುವ ವೇಗ ಒಳ ತುದಿಗೆ ಬರುವ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ. ಅದಕ್ಕೇ ಎರಡನೇ ಹಾಡಿನ ಕೊನೆಯ ಚರಣದಲ್ಲಿ ತಾರಸ್ಥಾಯಿ ಒಡೆದು ಕೇಳುವುದು. ಇದನ್ನು ಇಕ್ವಲೈಜರ್‌ನಿಂದ ಸರಿಮಾಡಲು ಹೋದರೆ ಇಡೀ ಹಾಡು ಮಂಕಾಗುತ್ತದೆ. ಹೆಚ್ಚು ಸವೆಯದ ಇನ್ನೊಂದು ಪ್ರತಿ ಹುಡುಕುವುದೇ ಮದ್ದು.

ಕೊನೆಗೆ ಲೇಬಲ್. ಕ್ಯಾಟಲಾಗ್ ನಂಬರ್, ಲೇಬಲ್ಲಿನ ಸುತ್ತ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ಎರಡನ್ನೂ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಅಚ್ಚಾದ ಹೆಸರನ್ನು ಹಾಗೇ ನಂಬಬೇಡಿ, ಹಾಗೆಂದು ತಿದ್ದಲೂ ಬೇಡಿ. 1949ರ 'ಮಹಲ್' ಚಿತ್ರಕ್ಕೆ ಖೇಮಚಂದ್ ಪ್ರಕಾಶ್ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ್ದರೂ ತಟ್ಟೆಯ ಮೇಲೆ ಮೊದಲು ಅಚ್ಚಾದದ್ದು ಕಾಮಿನಿ, ಮಧುಬಾಲಾ ಮಾಡಿದ ಪಾತ್ರದ ಹೆಸರು. ಲೇಬಲ್ಲಿನಲ್ಲಿ ಇದ್ದದ್ದು ಒಂದು ಅಂಕಣಕ್ಕೆ, ಗೊತ್ತಿರುವ ನಿಜ ಪಕ್ಕದ ಅಂಕಣಕ್ಕೆ. ಅರೇಂಜರ್, ವಾದ್ಯಗಾರರ ಹೆಸರು ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅವರಿಗೂ ಒಂದು ಅಂಕಣ ಇಡಿ. ಖಚಿತ ಮಾಹಿತಿ ಸಿಗುವವರೆಗೂ ಅದು ಖಾಲಿ ಇರಲಿ.